‘ಡಿಬಂಕ್’ ಎಂದರೇನು? ‘ಅದು ಸುಳ್ಳು’ ಎಂದಷ್ಟೇ ಹೇಳಿದರೆ ಸಾಲದು

ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಬರುತ್ತದೆ. ಯಾವುದೋ ಕಾಯಿಲೆಗೆ ಯಾವುದೋ ಸೊಪ್ಪಿನ ರಸ ಕುಡಿದರೆ ಮೂರೇ ದಿನದಲ್ಲಿ ಗುಣ ಎಂಬಂಥದ್ದು. ಎರಡು ದಿನ ಕಳೆದ ಮೇಲೆ ಅದೇ ಗುಂಪಿನಲ್ಲಿ ಇನ್ನೊಬ್ಬರು ಒಂದು ಲಿಂಕ್ ಹಾಕಿ ‘ಡಿಬಂಕ್ಡ್’ ಎಂದು ಬರೆಯುತ್ತಾರೆ. ಓದಿದವರಲ್ಲಿ ಅರ್ಧ ಜನ ಅದನ್ನು ‘ಸುಳ್ಳಂತೆ’ ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ಉಳಿದರ್ಧ ಜನ ಮೊದಲಿನ ಮೆಸೇಜನ್ನೇ ನಂಬಿಕೊಂಡಿರುತ್ತಾರೆ.

ಸುದ್ದಿ ಪರಿಶೀಲನೆಯ ಜಾಲತಾಣಗಳಿಂದ ಹಿಡಿದು ಯೂಟ್ಯೂಬ್ ವಿಡಿಯೋಗಳವರೆಗೆ ಈಗ ಎಲ್ಲೆಡೆ ಕಾಣುವ ಕ್ರಿಯಾಪದ ಈ ‘ಡಿಬಂಕ್’. ಇಂಗ್ಲಿಷ್ ಕಲಿಯುತ್ತಿರುವವರಿಗೆ ಇದರ ಅರ್ಥ ಸುಲಭವೆನಿಸಿದರೂ ಬಳಸುವಾಗ ಎಡವಟ್ಟಾಗುತ್ತದೆ. ಕಾರಣ, ‘ಸುಳ್ಳು ಎಂದು ಹೇಳುವುದು’ ಈ ಪದದ ಅರ್ಥವಲ್ಲ. ಹಾಗಾದರೆ ಅರ್ಥವೇನು? ಅದು ತಿಳಿಯಬೇಕಾದರೆ ಪದ ಹುಟ್ಟಿದ ಬಗೆಯನ್ನು ನೋಡಬೇಕು.

ನಮಗೆ ಗೊತ್ತಿರುವ ಬಂಕ್‌ಗಳು ಇದಲ್ಲ

‘ಡಿ’ ಎಂಬ ಉಪಸರ್ಗವನ್ನು ತೆಗೆದರೆ ಉಳಿಯುವುದು ‘ಬಂಕ್’. ಕನ್ನಡಿಗರಿಗೆ ಇದು ಹೊಸ ಪದವೇನಲ್ಲ, ಆದರೆ ಗೊಂದಲ ಶುರುವಾಗುವುದೂ ಇಲ್ಲೇ.

ಕಾಲೇಜಿನಲ್ಲಿ ಕ್ಲಾಸ್ ‘ಬಂಕ್’ ಹೊಡೆಯುತ್ತೇವೆ. ಇದು ತಪ್ಪಿಸಿಕೊಂಡು ಓಡುವುದು ಎಂಬ ಅರ್ಥದಲ್ಲಿ 19ನೇ ಶತಮಾನದ ಬ್ರಿಟನ್ನಿನ ಆಡುಮಾತಿನಲ್ಲಿದ್ದ ಬಂಕ್. ಹಾಸ್ಟೆಲ್‌ನಲ್ಲಿ ಒಂದರ ಮೇಲೊಂದು ಇರುವ ಹಾಸಿಗೆ ‘ಬಂಕ್ ಬೆಡ್’. ಇದು ಹಡಗಿನ ಗೋಡೆಗೆ ಜೋಡಿಸಿದ ಮಲಗುವ ಹಲಗೆಯಿಂದ ಬಂದದ್ದು. ಇನ್ನು ಬೈಕಿಗೆ ಎಣ್ಣೆ ಹಾಕಿಸುವ ‘ಪೆಟ್ರೋಲ್ ಬಂಕ್’ ದಕ್ಷಿಣ ಭಾರತದ ಬಳಕೆ. ಉತ್ತರ ಭಾರತದಲ್ಲಿ ಅದು ಪೆಟ್ರೋಲ್ ಪಂಪ್, ಬ್ರಿಟನ್ನಿನಲ್ಲಿ ಪೆಟ್ರೋಲ್ ಸ್ಟೇಷನ್, ಅಮೆರಿಕದಲ್ಲಿ ಗ್ಯಾಸ್ ಸ್ಟೇಷನ್. ಅಲ್ಲಿ ಹೋಗಿ ‘ಬಂಕ್ ಎಲ್ಲಿದೆ?’ ಎಂದು ಕೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ.

ಡಿಬಂಕ್‌ನಲ್ಲಿರುವ ಬಂಕ್‌ಗೆ ಈ ಯಾವುದರ ಅರ್ಥವೂ ಇಲ್ಲ. ಅದು ಬಂದದ್ದು ಒಂದು ಊರಿನ ಹೆಸರಿನಿಂದ, ಇನ್ನೂ ಸರಿಯಾಗಿ ಹೇಳುವುದಾದರೆ ಒಂದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ ಹೆಸರಿನಿಂದ.

ಬನ್‌ಕಂಬ್‌ಗಾಗಿ ಒಂದು ಭಾಷಣ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಬನ್‌ಕಂಬ್ ಎಂಬ ಕೌಂಟಿ ಇದೆ. ಆ್ಯಶ್‌ವಿಲ್ ಅದರ ಕೇಂದ್ರ ಪಟ್ಟಣ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಎಡ್ವರ್ಡ್ ಬನ್‌ಕಂಬ್ ಎಂಬ ಸೇನಾಧಿಕಾರಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು.

1820ರ ಫೆಬ್ರವರಿ. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ‘ಮಿಸೌರಿ ಪ್ರಶ್ನೆ’ಯ ಮೇಲೆ ದೀರ್ಘ ಚರ್ಚೆ ನಡೆದಿತ್ತು. ಹೊಸದಾಗಿ ಒಕ್ಕೂಟಕ್ಕೆ ಸೇರಲಿರುವ ಮಿಸೌರಿಯಲ್ಲಿ ಗುಲಾಮಗಿರಿಗೆ ಅವಕಾಶ ಇರಬೇಕೇ ಬೇಡವೇ ಎಂಬುದು ಆ ಪ್ರಶ್ನೆ. ಲಕ್ಷಾಂತರ ಮನುಷ್ಯರ ಬದುಕಿಗೆ ಸಂಬಂಧಿಸಿದ ವಿಷಯ. ಚರ್ಚೆ ಸಾಕು, ಮತಕ್ಕೆ ಹಾಕಿ ಎಂದು ಸದಸ್ಯರು ಒತ್ತಾಯಿಸುತ್ತಿದ್ದಾಗ ಬನ್‌ಕಂಬ್ ಕೌಂಟಿಯನ್ನು ಪ್ರತಿನಿಧಿಸುತ್ತಿದ್ದ ಫೆಲಿಕ್ಸ್ ವಾಕರ್ ಎದ್ದು ನಿಂತರು. ಕುಳಿತುಕೊಳ್ಳಿ ಎಂದು ಉಳಿದವರು ಕೂಗಿದರು. ತಾನು ಈ ಸಭೆಗಾಗಿ ಅಲ್ಲ, ಬನ್‌ಕಂಬ್‌ಗಾಗಿ ಮಾತನಾಡಬೇಕಿದೆ ಎಂಬರ್ಥದಲ್ಲಿ ವಾಕರ್ ಉತ್ತರ ಕೊಟ್ಟರು.

ಅಂದರೆ ತಮ್ಮ ಮಾತಿನಿಂದ ಚರ್ಚೆಗೆ ಏನಾದರೂ ಸೇರುತ್ತದೆಯೇ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ನಮ್ಮ ಪ್ರತಿನಿಧಿ ದಿಲ್ಲಿಯಲ್ಲಿ ಭರ್ಜರಿ ಭಾಷಣ ಮಾಡಿದರು ಎಂದು ಊರಿನ ಮತದಾರರಿಗೆ ಅನಿಸಬೇಕು ಎಂದು ನಮ್ಮ ಸಂಸದರೊಬ್ಬರು ಬಯಸಿದಂತೆಯೇ ಇದು.

ಈ ಮಾತು ರಾಜಕಾರಣಿಗಳ ನಡುವೆ ಗಾದೆಯಂತಾಯಿತು. ಯಾರಾದರೂ ತೋರಿಕೆಗೆ ಮಾತನಾಡಿದರೆ ‘ಬನ್‌ಕಂಬ್‌ಗೆ ಮಾತಾಡುತ್ತಿದ್ದಾನೆ’ ಎನ್ನತೊಡಗಿದರು. ಕೌಂಟಿಯ ಹೆಸರು ಬರೆಯುವ ರೀತಿ ಸವೆದು ‘ಬಂಕಂ’ ಆಯಿತು. 20ನೇ ಶತಮಾನ ಶುರುವಾಗುವ ಹೊತ್ತಿಗೆ ಅದೂ ಮೊಟಕಾಗಿ ‘ಬಂಕ್’ ಉಳಿಯಿತು. ಅರ್ಥ: ಹುರುಳಿಲ್ಲದ, ಆದರೆ ಕೇಳುವವರನ್ನು ಮೆಚ್ಚಿಸಲು ಆಡಿದ ಮಾತು. ನಮ್ಮಲ್ಲಿ ‘ಬುರುಡೆ ಬಿಡುವುದು’, ‘ಬೊಗಳೆ’, ‘ರೈಲು ಬಿಡುವುದು’ ಎನ್ನುತ್ತೇವಲ್ಲ, ಅದು.

ಒಂದು ವಿಷಯ ಗಮನಿಸಿ. ಬಂಕ್ ಎಂದರೆ ಬರೀ ತಪ್ಪು ಮಾಹಿತಿ ಅಲ್ಲ. ಲೆಕ್ಕದಲ್ಲಿ ಕೂಡುವಾಗ ತಪ್ಪಾದರೆ ಅದು ಬಂಕ್ ಆಗುವುದಿಲ್ಲ. ಒಳಗೆ ಪೊಳ್ಳಾಗಿದ್ದು ಹೊರಗೆ ಗಟ್ಟಿಯಾಗಿರುವಂತೆ ತೋರುವುದು ಬಂಕ್.

1923: ಕ್ರಿಯಾಪದದ ಜನನ

ವಿಲಿಯಂ ಇ. ವುಡ್‌ವರ್ಡ್ ಎಂಬ ಅಮೆರಿಕನ್ ಲೇಖಕ 1923ರಲ್ಲಿ ‘ಬಂಕ್’ ಎಂಬ ಹೆಸರಿನ ವಿಡಂಬನಾತ್ಮಕ ಕಾದಂಬರಿ ಪ್ರಕಟಿಸಿದರು. ಜನರ ತಲೆಯಲ್ಲಿ ತುಂಬಿರುವ ಬಂಕ್ ತೆಗೆದುಹಾಕುವುದನ್ನೇ ವೃತ್ತಿ ಮಾಡಿಕೊಂಡ ಪಾತ್ರ ಅದರಲ್ಲಿದೆ. ಆ ಕೆಲಸಕ್ಕೆ ವುಡ್‌ವರ್ಡ್ ಕೊಟ್ಟ ಹೆಸರು ‘ಡಿಬಂಕ್’.

ಇಂಗ್ಲಿಷಿನಲ್ಲಿ ‘ಡಿ’ ಉಪಸರ್ಗಕ್ಕೆ ‘ತೆಗೆದುಹಾಕು’ ಎಂಬ ಅರ್ಥವೂ ಇದೆ. ಫ್ರಿಜ್‌ನಲ್ಲಿ ಕಟ್ಟಿದ ಮಂಜು ಕರಗಿಸಿದರೆ ಡಿಫ್ರಾಸ್ಟ್. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ಬಟ್ಟೆ, ಕೂದಲಿನಿಂದ ಹೇನು ತೆಗೆಯುವ ಕೆಲಸಕ್ಕೆ ‘ಡಿಲೌಸ್’ ಎಂಬ ಪದ ಬಹಳ ಬಳಕೆಗೆ ಬಂದಿತ್ತು. ಡಿಬಂಕ್ ಕೂಡ ಅದೇ ಅಚ್ಚಿನ ಪದ. ಹೇನು ತೆಗೆದಂತೆ ಬುರುಡೆ ತೆಗೆಯುವುದು.

ವುಡ್‌ವರ್ಡ್ ಪದ ಕಟ್ಟಿ ಸುಮ್ಮನಾಗಲಿಲ್ಲ. 1926ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಜೀವನಚರಿತ್ರೆ ಬರೆದರು. ವಾಷಿಂಗ್ಟನ್ ಸುತ್ತ ಬೆಳೆದಿದ್ದ ಪ್ರಭಾವಳಿಯನ್ನು ಪಕ್ಕಕ್ಕಿಟ್ಟು ಮನುಷ್ಯನನ್ನು ನೋಡುವ ಪ್ರಯತ್ನ ಅದು. ಆ ಕಾಲದಲ್ಲಿ ಇಂಥ ಪುಸ್ತಕಗಳು ಸಾಕಷ್ಟು ಬಂದವು. ಹಾಗಾಗಿ ಆರಂಭದಲ್ಲಿ ‘ಡಿಬಂಕ್’ ಆಗುತ್ತಿದ್ದದ್ದು ಹೆಚ್ಚಾಗಿ ದೊಡ್ಡ ಮನುಷ್ಯರು. ಸುಳ್ಳು ಸುದ್ದಿ, ವೈದ್ಯಕೀಯ ಮಿಥ್ಯೆಗಳ ಜೊತೆ ಪದ ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆ.

ವಾಷಿಂಗ್ಟನ್ ಎಂದಾಗ ನಮಗೂ ನೆನಪಾಗುವ ಕಥೆಯೊಂದಿದೆ. ಬಾಲಕ ಜಾರ್ಜ್ ಅಪ್ಪನ ಚೆರ್ರಿ ಮರಕ್ಕೆ ಕೊಡಲಿ ಹಾಕಿ, ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಂಡ ಕಥೆ. ನಮ್ಮಲ್ಲೂ ಮಕ್ಕಳಿಗೆ ಇದನ್ನು ನೀತಿಕಥೆಯಾಗಿ ಹೇಳುತ್ತಾರೆ. ಇದು ನಡೆದದ್ದಕ್ಕೆ ಆಧಾರವಿಲ್ಲ ಎಂದಷ್ಟೇ ಹೇಳಿದರೆ ಕೇಳಿದವರು ಒಪ್ಪಬಹುದು, ಬಿಡಬಹುದು. ಈಗ ಹೀಗೆ ನೋಡಿ. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿ ಮತ್ತು ಪುಸ್ತಕ ವ್ಯಾಪಾರಿ 1800ರಲ್ಲಿ ಅವರ ಜೀವನಚರಿತ್ರೆ ಹೊರತಂದರು. ಅದರಲ್ಲಿ ಚೆರ್ರಿ ಮರ ಇರಲಿಲ್ಲ. ಪುಸ್ತಕ ಚೆನ್ನಾಗಿ ಮಾರಾಟವಾಗಿ ಮರುಮುದ್ರಣ ಕಾಣುತ್ತಾ ಹೋದಾಗ, 1806ರ ಐದನೇ ಆವೃತ್ತಿಯಲ್ಲಿ ಕಥೆ ಮೊದಲ ಬಾರಿಗೆ ಕಾಣಿಸಿಕೊಂಡಿತು. ಕಥೆ ಯಾವಾಗ, ಯಾರ ಕೈಯಲ್ಲಿ, ಯಾಕೆ ಸೇರಿತು ಎಂಬುದು ಕಂಡ ಕೂಡಲೇ ಅದರ ಹಿಡಿತ ಸಡಿಲವಾಗುತ್ತದೆ. ಡಿಬಂಕ್ ಮಾಡುವುದು ಎಂದರೆ ಇದೇ. ಸುಳ್ಳು ಎಂದು ಸಾರುವುದಲ್ಲ, ಅದನ್ನು ಹೇಗೆ ಕಟ್ಟಿದರು ಎಂದು ಬಿಚ್ಚಿ ತೋರಿಸುವುದು.

ಬಂಕ್ ಎಂದು ಬೈಯುವುದು ಬೇರೆ

ಕಾರು ತಯಾರಕ ಹೆನ್ರಿ ಫೋರ್ಡ್ 1916ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಇತಿಹಾಸವೆಂಬುದು ಹೆಚ್ಚುಕಡಿಮೆ ಬಂಕ್ ಎಂದುಬಿಟ್ಟರು. ಆ ಮಾತು ಬಹಳ ಪ್ರಸಿದ್ಧವಾಯಿತು. ಅದರಲ್ಲಿ ಪುರಾವೆ ಇರಲಿಲ್ಲ, ವಿಶ್ಲೇಷಣೆ ಇರಲಿಲ್ಲ. ಒಂದು ಬೈಗುಳ ಇತ್ತು, ಅಷ್ಟೇ.

ಅದೇ ಫೋರ್ಡ್ 1920ರಿಂದ ತಮ್ಮ ಒಡೆತನದ ‘ಡಿಯರ್‌ಬಾರ್ನ್ ಇಂಡಿಪೆಂಡೆಂಟ್’ ಪತ್ರಿಕೆಯಲ್ಲಿ ಯಹೂದ್ಯರ ವಿರುದ್ಧ ಲೇಖನಮಾಲೆ ಪ್ರಕಟಿಸಿದರು. ಅದಕ್ಕೆ ಆಧಾರವಾಗಿ ಬಳಕೆಯಾದದ್ದರಲ್ಲಿ ‘ಝಯಾನ್ ಹಿರಿಯರ ಪ್ರೋಟೋಕಾಲ್‌ಗಳು’ ಎಂಬ ಬರಹ ಮುಖ್ಯವಾದದ್ದು. ಯಹೂದಿ ಮುಖಂಡರು ಗುಟ್ಟಾಗಿ ಸೇರಿ ಜಗತ್ತನ್ನು ಆಳಲು ಹೂಡಿದ ಸಂಚಿನ ದಾಖಲೆ ಎಂದು ಅದನ್ನು ಹಂಚುತ್ತಿದ್ದರು. ರಷ್ಯಾದಲ್ಲಿ 1903ರಲ್ಲಿ ಮೊದಲು ಅಚ್ಚಾಗಿದ್ದ ಈ ಬರಹ ಪೂರಾ ಕಟ್ಟುಕಥೆ.

1921ರ ಆಗಸ್ಟ್‌ನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಕಾನ್‌ಸ್ಟಾಂಟಿನೋಪಲ್ ವರದಿಗಾರ ಫಿಲಿಪ್ ಗ್ರೇವ್ಸ್ ಇದನ್ನು ಬಯಲು ಮಾಡಿದರು. ಅವರ ಕೈಗೆ 1864ರ ಒಂದು ಫ್ರೆಂಚ್ ಪುಸ್ತಕ ಸಿಕ್ಕಿತ್ತು. ಮಾರಿಸ್ ಜೋಲಿ ಎಂಬ ವಕೀಲ ಮೂರನೇ ನೆಪೋಲಿಯನ್‌ನ ಆಡಳಿತವನ್ನು ಗೇಲಿ ಮಾಡಿ ಬರೆದ ಪುಸ್ತಕ. ಅದರ ವಸ್ತುವಿಗೂ ಯಹೂದಿಗಳಿಗೂ ಸಂಬಂಧವೇ ಇರಲಿಲ್ಲ. ಗ್ರೇವ್ಸ್ ಜೋಲಿಯ ಸಾಲುಗಳನ್ನೂ ಪ್ರೋಟೋಕಾಲ್‌ಗಳ ಸಾಲುಗಳನ್ನೂ ಅಕ್ಕಪಕ್ಕ ಇಟ್ಟು ಅಚ್ಚು ಹಾಕಿಸಿದರು. ನಕಲು ಎಂಬುದು ಯಾರಿಗಾದರೂ ಕಾಣುವಂತಿತ್ತು.

‘ಡಿಬಂಕ್’ ಎಂಬ ಪದ ಹುಟ್ಟಲು ಇನ್ನೂ ಎರಡು ವರ್ಷ ಇತ್ತು, ಆದರೆ ಪದದ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಬ್ಬರು ಬಂಕ್ ಎಂಬ ಪದವನ್ನು ಬೀಸಿ ಹೊಡೆದು, ತಾವೇ ದೊಡ್ಡದೊಂದು ಬುರುಡೆಯನ್ನು ಹಂಚಿದರು. ಇನ್ನೊಬ್ಬರು ಆ ಪದವನ್ನೇ ಬಳಸದೆ ಕೆಲಸ ಮಾಡಿ ತೋರಿಸಿದರು.

ಕಲಿಯುವವರಿಗೆ: ನಾಲ್ಕು ಕ್ರಿಯಾಪದಗಳ ನಡುವಿನ ವ್ಯತ್ಯಾಸ

ಇಂಗ್ಲಿಷಿನಲ್ಲಿ ಹತ್ತಿರದ ಅರ್ಥದ ಕ್ರಿಯಾಪದಗಳು ಹಲವಿವೆ. ಒಂದರ ಬದಲು ಇನ್ನೊಂದನ್ನು ಬಳಸಿದರೆ ಅರ್ಥ ಬದಲಾಗುತ್ತದೆ.

• ಡಿನೈ: ಅಲ್ಲಗಳೆಯುವುದು. ‘ನಾನು ಹಾಗೆ ಮಾಡಿಲ್ಲ’ ಎಂದರೆ ಸಾಕು. ಕಾರಣ ಕೊಡಬೇಕಿಲ್ಲ.

• ರೆಫ್ಯೂಟ್: ವಾದ ಮತ್ತು ಪುರಾವೆಯಿಂದ ಎದುರಿನ ಮಾತನ್ನು ಮುರಿಯುವುದು. ನಮ್ಮ ಶಾಸ್ತ್ರಚರ್ಚೆಗಳಲ್ಲಿ ‘ಖಂಡನೆ’ ಎಂದರೆ ಇದೇ ಆಗಿತ್ತು. ಈಗ ಪತ್ರಿಕೆಗಳಲ್ಲಿ ಖಂಡನೆ ಎಂದರೆ ಬರೀ ವಿರೋಧ ಸೂಚಿಸುವುದು ಎಂದಾಗಿದೆ. ಇಂಗ್ಲಿಷ್ ಪತ್ರಿಕೆಗಳಲ್ಲೂ ಬರೀ ಅಲ್ಲಗಳೆದವರನ್ನು ‘ರೆಫ್ಯೂಟೆಡ್’ ಎಂದು ಬರೆಯುವುದುಂಟು.

• ಡಿಸ್‌ಪ್ರೂವ್: ಒಂದು ಮಾತು ಸರಿಯಲ್ಲ ಎಂದು ಸಾಧಿಸುವುದು. ವಿಜ್ಞಾನಿಯೊಬ್ಬರು ಪ್ರಾಮಾಣಿಕವಾಗಿ ಮುಂದಿಟ್ಟ ಊಹೆ ಪ್ರಯೋಗದಲ್ಲಿ ನಿಲ್ಲದಿದ್ದರೆ ಅದು ಡಿಸ್‌ಪ್ರೂವ್ ಆಯಿತು ಎನ್ನಬೇಕು. ಅದನ್ನು ಡಿಬಂಕ್ ಆಯಿತು ಎಂದರೆ ಆ ವಿಜ್ಞಾನಿ ಬುರುಡೆ ಬಿಟ್ಟರು ಎಂದಂತಾಗುತ್ತದೆ.

• ಡಿಬಂಕ್: ಜನ ನಂಬಿರುವ, ದೊಡ್ಡದಾಗಿ ಹೇಳಿಕೊಳ್ಳುತ್ತಿರುವ ಮಾತಿನ ಪೊಳ್ಳುತನವನ್ನು ತೆರೆದು ತೋರಿಸುವುದು.

ಡಿಬಂಕ್‌ಗೆ ಕರ್ಮಪದ ಬೇಕೇ ಬೇಕು, ಅಂದರೆ ಏನನ್ನು ಎಂಬುದಕ್ಕೆ ಉತ್ತರ ಇರಬೇಕು. ಸಾಮಾನ್ಯವಾಗಿ ಜೊತೆಗೆ ಬರುವುದು ಮಿತ್, ಕ್ಲೇಮ್, ಥಿಯರಿ, ರೂಮರ್ ಎಂಬ ಪದಗಳು. ‘ದಿ ಡಾಕ್ಟರ್ ಡಿಬಂಕ್ಡ್ ದಿ ಮಿತ್’ ಸರಿ. ‘ಐ ವಿಲ್ ಡಿಬಂಕ್ ಯುವರ್ ಫಿಯರ್’ ಸರಿಯಲ್ಲ. ಭಯವನ್ನು ಡಿಬಂಕ್ ಮಾಡಲಾಗುವುದಿಲ್ಲ, ಭಯ ಹುಟ್ಟಿಸಿದ ಮಾತನ್ನು ಮಾಡಬಹುದು. ರುಚಿ, ಇಷ್ಟ, ಅನಿಸಿಕೆಗಳಿಗೂ ಈ ಪದ ಹೊಂದುವುದಿಲ್ಲ. ಉಚ್ಚಾರದಲ್ಲಿ ಒತ್ತು ಬೀಳುವುದು ‘ಬಂಕ್’ ಎಂಬ ಎರಡನೇ ಭಾಗದ ಮೇಲೆ.

ಇನ್ನೊಂದು ಎಚ್ಚರ. ಈ ಪದದಲ್ಲಿ ಸ್ವಲ್ಪ ಕುಟುಕು ಇದೆ. ಮನೆಯ ಹಿರಿಯರು ಹೇಳಿದ ನಂಬಿಕೆಯೊಂದನ್ನು ಡಿಬಂಕ್ ಮಾಡುತ್ತೇನೆ ಎಂದರೆ ಅವರಿಗೆ ನೋವಾಗಬಹುದು. ಅಂಥ ಕಡೆ ‘ಕರೆಕ್ಟ್’ ಅಥವಾ ‘ಕ್ಲಾರಿಫೈ’ ಎಂಬ ಮೃದು ಪದಗಳಿವೆ.

ಕನ್ನಡದಲ್ಲಿ ಇದಕ್ಕೆ ಏನೆನ್ನಬಹುದು? ‘ಸುಳ್ಳು ಎಂದು ಹೇಳು’ ಎಂಬ ಅನುವಾದ ಸಾಲದು. ‘ಬಯಲು ಮಾಡು’, ‘ಪೊಳ್ಳುತನ ಬಯಲಿಗೆಳೆ’ ಎಂಬವು ಹೆಚ್ಚು ಹತ್ತಿರ. ಬಯಲು ಎಂದರೆ ತೆರೆದ ಜಾಗ. ಎಲ್ಲರ ಕಣ್ಣಿಗೆ ಬೀಳುವಲ್ಲಿ ತಂದಿಡುವುದು ಎಂಬ ಅರ್ಥ ನಮ್ಮ ಪದದಲ್ಲೇ ಇದೆ.

ತೋರಿಸಿದ ಮೇಲೂ ಜನ ಯಾಕೆ ನಂಬುತ್ತಾರೆ?

ಗ್ರೇವ್ಸ್ ಬಯಲು ಮಾಡಿದ ಮೇಲೆ ಪ್ರೋಟೋಕಾಲ್‌ಗಳು ಮೂಲೆ ಸೇರಬೇಕಿತ್ತು. ಸೇರಲಿಲ್ಲ. ಫೋರ್ಡ್ 1927ರಲ್ಲಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು, ಆದರೆ ಜರ್ಮನಿಯ ನಾಜಿಗಳು ಅದೇ ಬರಹವನ್ನು ಪ್ರಚಾರಕ್ಕೆ ಬಳಸಿದರು. ಇಂದಿಗೂ ಅದು ಹಲವು ಭಾಷೆಗಳಲ್ಲಿ ಓಡಾಡುತ್ತಿದೆ.

ತಿದ್ದಿದ ಮೇಲೂ ಮೊದಲು ಕೇಳಿದ ತಪ್ಪು ಮಾಹಿತಿ ನಮ್ಮ ಯೋಚನೆಯ ಮೇಲೆ ಪ್ರಭಾವ ಬೀರುತ್ತಲೇ ಇರುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ. ಸುಳ್ಳು ಕಥೆಯೊಂದು ನಮ್ಮ ಮನಸ್ಸಿನಲ್ಲಿ ‘ಯಾಕೆ ಹೀಗಾಯಿತು’ ಎಂಬ ಪ್ರಶ್ನೆಗೆ ಉತ್ತರವಾಗಿ ಕೂತಿರುತ್ತದೆ. ಅದನ್ನು ಕಿತ್ತರೆ ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ. ಬೇರೆ ಉತ್ತರ ಸಿಗದಿದ್ದರೆ ಹಳೆಯದೇ ಮರಳಿ ಬಂದು ಕೂರುತ್ತದೆ.

ಜಾನ್ ಕುಕ್ ಮತ್ತು ಸ್ಟೀಫನ್ ಲೆವಾಂಡೌಸ್ಕಿ ಎಂಬ ಸಂಶೋಧಕರು 2011ರಲ್ಲಿ ‘ಡಿಬಂಕಿಂಗ್ ಹ್ಯಾಂಡ್‌ಬುಕ್’ ಎಂಬ ಕಿರುಹೊತ್ತಗೆ ಹೊರತಂದರು. 2020ರಲ್ಲಿ ಇನ್ನಷ್ಟು ಸಂಶೋಧಕರು ಸೇರಿ ಅದನ್ನು ಹೊಸದಾಗಿ ಬರೆದರು. ಅದು ಹೇಳುವ ಕ್ರಮ ಸರಳ: ಮೊದಲು ನಿಜ ಹೇಳಿ, ತಪ್ಪು ನಂಬಿಕೆಯನ್ನು ಎಚ್ಚರಿಕೆಯ ಜೊತೆ ಒಮ್ಮೆ ಮಾತ್ರ ಹೇಳಿ, ಅದು ಹೇಗೆ ದಾರಿ ತಪ್ಪಿಸುತ್ತದೆ ಎಂದು ವಿವರಿಸಿ, ಕೊನೆಗೆ ನಿಜವನ್ನೇ ಮತ್ತೆ ಹೇಳಿ.

‘ಕ್ಯಾರೆಟ್ ತಿಂದರೆ ಕತ್ತಲಲ್ಲೂ ಕಣ್ಣು ಚೆನ್ನಾಗಿ ಕಾಣುತ್ತದೆ’ ಎಂಬ ನಂಬಿಕೆಗೆ ಇದನ್ನು ಅನ್ವಯಿಸಿ ನೋಡೋಣ. ನಿಜ ಏನೆಂದರೆ, ಕಣ್ಣಿಗೆ ವಿಟಮಿನ್ ಎ ಬೇಕು, ಅದು ತೀರಾ ಕಡಿಮೆಯಾದರೆ ಇರುಳುಗುರುಡು ಬರುತ್ತದೆ. ಈಗಾಗಲೇ ಸಾಕಷ್ಟು ವಿಟಮಿನ್ ಎ ಇರುವವರು ಕ್ಯಾರೆಟ್ ಜಾಸ್ತಿ ತಿಂದರೆ ರಾತ್ರಿ ದೃಷ್ಟಿ ಇನ್ನೂ ತೀಕ್ಷ್ಣವಾಗುತ್ತದೆ ಎಂಬುದು ತಪ್ಪು ನಂಬಿಕೆ. ಅದು ಬಲವಾದದ್ದು ಹೇಗೆ? ಎರಡನೇ ಮಹಾಯುದ್ಧದಲ್ಲಿ ಜಾನ್ ಕನಿಂಗ್‌ಹ್ಯಾಮ್‌ನಂಥ ಬ್ರಿಟಿಷ್ ಪೈಲಟ್‌ಗಳು ರಾತ್ರಿ ವೇಳೆ ಶತ್ರು ವಿಮಾನ ಹೊಡೆದುರುಳಿಸಿದಾಗ, ಅದು ಕ್ಯಾರೆಟ್ ಮಹಿಮೆ ಎಂಬ ಪ್ರಚಾರ ನಡೆಯಿತು. ನಿಜವಾಗಿ ಅವರ ನೆರವಿಗೆ ಇದ್ದದ್ದು ವಿಮಾನದೊಳಗಿನ ರಡಾರ್. ಆದ್ದರಿಂದ ಕ್ಯಾರೆಟ್ ಕೊರತೆ ತುಂಬುತ್ತದೆ, ಹೊಸ ಶಕ್ತಿ ಕೊಡುವುದಿಲ್ಲ.

ಇಲ್ಲಿ ನಂಬಿಕೆಯೊಳಗಿದ್ದ ನಿಜದ ಎಳೆಯನ್ನು ಎಸೆದಿಲ್ಲ. ‘ಕ್ಯಾರೆಟ್ ಕಥೆ ಡಿಬಂಕ್ಡ್’ ಎಂದು ಮೂರೇ ಪದದಲ್ಲಿ ಬರೆದಿದ್ದರೆ, ವಿಟಮಿನ್ ಎ ಕೊರತೆಯಿರುವ ಮಗುವಿನ ತಾಯಿಗೆ ಕ್ಯಾರೆಟ್, ಸೊಪ್ಪು, ಪಪ್ಪಾಯಿ ಬೇಕಿಲ್ಲ ಎಂಬ ಸಂದೇಶ ಹೋಗುತ್ತಿತ್ತು. ಅರ್ಧ ಕೆಲಸ ಮಾಡಿದರೆ ಹೀಗೆ ಹೊಸದೊಂದು ತಪ್ಪು ಹುಟ್ಟಿಕೊಳ್ಳುತ್ತದೆ.

ಈ ತೊಂದರೆಗಳಿಂದಲೇ ‘ಪ್ರಿಬಂಕ್’ ಎಂಬ ಹೊಸ ಕ್ರಿಯಾಪದ ಹುಟ್ಟಿದೆ. ಸುಳ್ಳು ತಲುಪುವ ಮೊದಲೇ ಅದರ ತಂತ್ರವನ್ನು ಜನರಿಗೆ ತಿಳಿಸಿಡುವುದು ಎಂದರ್ಥ. ಲಸಿಕೆ ಕೊಟ್ಟಂತೆ. 1960ರ ದಶಕದಲ್ಲಿ ವಿಲಿಯಂ ಮೆಕ್‌ಗ್ವಾಯರ್ ಎಂಬ ಮನೋವಿಜ್ಞಾನಿ ಮುಂದಿಟ್ಟ ವಿಚಾರ ಇದಕ್ಕೆ ತಳಹದಿ. ಬನ್‌ಕಂಬ್ ಕೌಂಟಿಯ ಹೆಸರಿನ ತುಂಡು ಇನ್ನೂ ಹೊಸ ಪದಗಳನ್ನು ಕಟ್ಟುತ್ತಲೇ ಇದೆ.

ಪರೀಕ್ಷೆ ಮೊದಲು, ಪದ ಆಮೇಲೆ

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ಹೆಸರೊಂದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿದರು. ತಮ್ಮ ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ನರಸಿಂಹಯ್ಯನವರು ಕೇಳಿದ್ದು ಪರೀಕ್ಷೆಗೆ ಅವಕಾಶ. ಪರೀಕ್ಷೆಯೇ ನಡೆಯದಿದ್ದಾಗ ‘ಪರೀಕ್ಷೆಯಲ್ಲಿ ಬಯಲಾಯಿತು’ ಎಂದು ಯಾರೂ ಬರೆಯುವಂತಿಲ್ಲ. ‘ಪರೀಕ್ಷೆಗೆ ಒಪ್ಪಲಿಲ್ಲ’ ಎಂದು ಮಾತ್ರ ಬರೆಯಬಹುದು. ಡಿಬಂಕ್ ಎಂಬ ಪದ ಇಷ್ಟು ಎಚ್ಚರವನ್ನು ಬೇಡುತ್ತದೆ.

ಮುಂದೆ ಎಲ್ಲಾದರೂ ‘ಡಿಬಂಕ್ಡ್’ ಎಂಬ ಶೀರ್ಷಿಕೆ ಕಂಡಾಗ ಒಳಗೆ ಹೋಗಿ ಮೂರು ವಿಷಯ ಹುಡುಕಿ. ಮೂಲ ಮಾತು ಎಲ್ಲಿಂದ ಬಂತು ಎಂದು ತೋರಿಸಿದ್ದಾರೆಯೇ? ಅದು ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ನೀವೇ ನೋಡಬಹುದಾದ ಪುರಾವೆ ಇದೆಯೇ? ಅದರ ಜಾಗದಲ್ಲಿ ಯಾವುದು ನಿಜ ಎಂದು ಹೇಳಿದ್ದಾರೆಯೇ? ಮೂರೂ ಇದ್ದರೆ ಪದ ಸರಿಯಾಗಿ ಬಳಕೆಯಾಗಿದೆ. ಒಂದೂ ಇಲ್ಲದಿದ್ದರೆ ಅಲ್ಲಿ ನಡೆದಿರುವುದು ಅಲ್ಲಗಳೆಯುವುದು ಮಾತ್ರ, ಅದಕ್ಕೆ ಇಂಗ್ಲಿಷಿನಲ್ಲಿ ‘ಡಿನೈ’ ಎಂಬ ಬೇರೆಯೇ ಕ್ರಿಯಾಪದ ಇದೆ. ಕುಟುಂಬದ ಗುಂಪಿನಲ್ಲಿ ನೀವೇ ಆ ಪದ ಬರೆಯುವ ಮೊದಲೂ ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಸೊಪ್ಪಿನ ರಸದ ಮೆಸೇಜ್ ನಂಬಿದವರಿಗೆ ಬೇಕಿರುವುದು ಕಾಯಿಲೆಗೆ ಸರಿಯಾದ ಚಿಕಿತ್ಸೆ ಏನೆಂಬ ಉತ್ತರ.